ಧರ್ಮಾಸ್ಪತ್ರಿಯಲ್ಲಿ ‘ಇಲ್ಲ’ ಎಂಬ ಮಾತು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ‘ಇಲ್ಲ’ ಅಂದೆ.

ಆ ಹೊತ್ತಿನಲ್ಲಿ ಗಡಿಯಾರ ನೋಡಿರಲಿಲ್ಲ. ಆಮೇಲೆ ಹೊರರೋಗಿ ಚೀಟಿಯ ಮೂಲೆಯಲ್ಲಿ ನರ್ಸ್ ಬರೆದಿದ್ದ ಸಮಯ ನೋಡಿ ಹೊಂದಿಸಿಕೊಂಡೆ. ಔಷಧ ಕೊಡುವ ಕಿಟಕಿಯಲ್ಲಿ ಕೂತು ಮುಂದಿನ ತಿಂಗಳ ಬೇಡಿಕೆ ಪಟ್ಟಿ ಬರೆಯುತ್ತಿದ್ದೆ. ಹೊರಗೆ ಉದ್ದನೆಯ ಸಾಲು. ವಾರ್ಡಿನ ಸಹಾಯಕ ಖಾಜಾ ಸಾಲಿನ ಪಕ್ಕದಿಂದ ತಲೆ ತೂರಿಸಿ, “ಅಕ್ಕಾರ, ಹಾವಿಂದು ಇಂಜೆಕ್ಷನ್ ಐತೇನ್ರಿ?” ಅಂದ. ನಾನು ಪೆನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. “ಇಲ್ಲ” ಅಂದೆ. ಅವನು ಹೋದ. ನಾನು ಪಟ್ಟಿ ಮುಂದುವರಿಸಿದೆ.

ನನ್ನ ಬೆನ್ನ ಹಿಂದೆ, ಆರು ಹೆಜ್ಜೆ ದೂರದ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ ಅದೇ ಇಂಜೆಕ್ಷನ್ನಿನ ಹತ್ತು ವಯಲ್, ಅಂದರೆ ಪುಟ್ಟ ಸೀಸೆಗಳು, ಇದ್ದವು.

ಸರ್ಕಾರದ ಕಡತದಲ್ಲಿ ನನ್ನ ಹುದ್ದೆ ಫಾರ್ಮಸಿ ಅಧಿಕಾರಿ. ಜನರ ಬಾಯಲ್ಲಿ ನಾನು ‘ಗುಳಿಗಿ ಅಕ್ಕಾರು’. ಕುರುಗೋಡಿನಲ್ಲಿ ಶುರು ಮಾಡಿ, ಸಿರುಗುಪ್ಪ ತಾಲ್ಲೂಕಿನಲ್ಲಿ ಬಹಳ ವರ್ಷ ಇದ್ದು, ಬಳ್ಳಾರಿ ನಗರದಲ್ಲಿ ನಿವೃತ್ತಳಾದೆ. ಬಡ್ತಿ ಯಾವಾಗ ಬಂತು ಎಂಬುದನ್ನೆಲ್ಲ ಬರೆಯುವುದಿಲ್ಲ. ನನಗೇ ಸರಿಯಾಗಿ ನೆನಪಿಲ್ಲ. ತಂಗಿಯ ಮಗಳು ಸುಮಾಗೆ ಇದೇ ಕೆಲಸಕ್ಕೆ ಆದೇಶ ಬಂದಿದೆ. ಮೊನ್ನೆ ಗಾಂಧಿನಗರದ ನಮ್ಮ ಮನೆಗೆ ಬಂದವಳು, “ದೊಡ್ಡವ್ವ, ಏನೇನು ಓದ್ಕೊಂಡು ಹೋಗ್ಲಿ?” ಎಂದು ಕೇಳಿದಳು. ಔಷಧಗಳ ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳಿಗೆ ಗೊತ್ತಿಲ್ಲದ್ದು ಎರಡು ಮಾತು. ಒಂದನ್ನು ಕಿಟಕಿಯ ಆಚೆ ನಿಂತವರು ಆಡುತ್ತಾರೆ, ಇನ್ನೊಂದನ್ನು ಈಚೆ ಕೂತವರು ಆಡುತ್ತಾರೆ. ಅವೆರಡೂ ಒಂದೇ ದಿನ ಎದುರುಬದುರಾದಾಗ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿದ್ದೇನೆ. ಸುಮಾ ಮತ್ತು ಅವಳ ಜೊತೆ ಕೆಲಸಕ್ಕೆ ಸೇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಚೆಯವರ ಮಾತು ‘ಧರ್ಮಾಸ್ಪತ್ರಿ’. ತೆಲುಗಿನಿಂದ ನಮ್ಮ ಕಡೆಯ ಕನ್ನಡಕ್ಕೆ ಬಂದು ಗಟ್ಟಿಯಾಗಿ ಕೂತ ಪದ. ಸರ್ಕಾರಿ ಆಸ್ಪತ್ರೆ ಅಂದರೆ ಧರ್ಮಕ್ಕೆ ಕೊಡುವ ಜಾಗ. ನಾನು ಬೆಳೆದದ್ದು ಕೌಲ್ ಬಜಾರಿನಲ್ಲಿ, ಅಪ್ಪನಿಗೆ ಸೈಕಲ್ ರಿಪೇರಿ ಅಂಗಡಿ. ಜ್ವರ ಬಂದರೆ ಅವ್ವ ನನಗೆ ಒಗೆದ ಲಂಗ ಹಾಕಿ, ತಲೆಗೆ ಎಣ್ಣೆ ಹಚ್ಚಿ, “ಅಲ್ಲಿ ಏನೂ ಕೇಳಬ್ಯಾಡ, ಕೈ ಕಟ್ಕೊಂಡು ನಿಂದ್ರು. ಧರ್ಮಕ್ಕ ಕೊಡೋರು ಅವರು. ಸಿಟ್ಟು ಬಂದ್ರ ಕೊಡಂಗಿಲ್ಲ” ಎಂದು ಹೇಳಿ ಕರೆದುಕೊಂಡು ಹೋಗುತ್ತಿದ್ದಳು. ಕಿಟಕಿಯಿಂದ ಏನು ಬಂತೋ ಅದಕ್ಕೆ ಕೈ ಮುಗಿಯುವುದು. ಬರದಿದ್ದರೂ ಕೈ ಮುಗಿಯುವುದು. ನಾನು ಕಾಲೇಜು ಓದಿ ಅದೇ ಕಿಟಕಿಯ ಈಚೆಗೆ ಬಂದು ಕೂತೆ. ಕೈ ಮುಗಿಯುವವರನ್ನು ನೋಡಿದಾಗ ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಆ ರೂಢಿಯ ಬಗ್ಗೆಯೇ ಸುಮಾಗೆ ಎಚ್ಚರಿಕೆ ಹೇಳಬೇಕಾಗಿರುವುದು.

ಕೇಳದೆ ಒಪ್ಪಿಕೊಳ್ಳುವವರಿಂದ ಎಂಥ ಎಡವಟ್ಟಾಗುತ್ತದೆ ಎಂಬುದು ಕುರುಗೋಡಿನ ಮೊದಲ ವರ್ಷದಲ್ಲೇ ಗೊತ್ತಾಗಬೇಕಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎನ್ನುವುದನ್ನು ನಾವು 1-0-1 ಎಂದು ಬರೆಯುತ್ತೇವೆ. ಒಬ್ಬ ಅಜ್ಜನಿಗೆ ಹಾಗೆ ಬರೆದು ಹತ್ತು ಗುಳಿಗೆ ಕೊಟ್ಟಿದ್ದೆ. ಎರಡು ವಾರ ಬಿಟ್ಟು ಬಂದು ಸಂಕೋಚದಿಂದ ನಿಂತ.

“ಯವ್ವಾ, ತಪ್ಪು ತಿಳೀಬ್ಯಾಡ. ಚೀಟ್ಯಾಗ ನೂರಾ ಒಂದು ಅಂತ ಬರದೀ, ಹತ್ತು ಕೊಟ್ಟೀ. ಉಳಿದಿದ್ದು ಬರತಾವೇನು ಅಂತ ಮನ್ಯಾಗ ಕುಂತು ಕಾದೆ.”

“ಆ ಹತ್ತು ತಗೊಂಡಿ ಇಲ್ಲೋ ಅಜ್ಜಾ?”

“ನೂರಾ ಒಂದು ಪೂರಾ ಆದ ಮ್ಯಾಲೆ ಶುರು ಮಾಡೋಣು ಅಂತ ಇಟ್ಟೀನಿ.”

ಅವತ್ತು ಕಿಟಕಿಯಲ್ಲಿದ್ದವರೆಲ್ಲ ನಕ್ಕೆವು. ಆಮೇಲಿಂದ ನಾನು ಅಂಕಿ ಬಿಟ್ಟು ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆಯತೊಡಗಿದೆ. ಆದರೆ ಅಜ್ಜ ಎರಡು ವಾರ ಯಾಕೆ ಸುಮ್ಮನಿದ್ದ ಎಂದು ಯೋಚಿಸಲಿಲ್ಲ. ಅಂಗಡಿಯಲ್ಲಿ ತೊಂಬತ್ತೊಂದು ಗುಳಿಗೆ ಕಮ್ಮಿ ಕೊಟ್ಟಿದ್ದರೆ ಅಲ್ಲೇ ನಿಂತು ಜಗಳ ಮಾಡುತ್ತಿದ್ದ.

ಇನ್ನು ಈಚೆಯವರ ಮಾತು, ‘ಇಲ್ಲ’. ಸಿರುಗುಪ್ಪ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಗೆ ವರ್ಗವಾಗಿ ಹೋದೆ. ಯಾವುದೆಂದು ಬರೆಯುವುದಿಲ್ಲ, ತಪ್ಪು ನನ್ನದು, ಕಟ್ಟಡದ್ದಲ್ಲ. ಅಲ್ಲಿನ ಹಿರಿಯ ಫಾರ್ಮಸಿಸ್ಟ್ ರುದ್ರಪ್ಪ ಸರ್ ಒಳ್ಳೆಯ ಮನುಷ್ಯ. ಮೊದಲ ದಿನವೇ ಫ್ರಿಜ್ ತೆರೆದು ಕೆಂಪು ಬಟ್ಟೆಯ ಗಂಟು ತೋರಿಸಿದರು.

“ಇದು ಹಾವಿಂದು, ಹತ್ತು ವಯಲ್. ಇವು ಇಲ್ಲ ಅಂತ ತಿಳ್ಕೋ.”

“ಅದಾವಲ್ಲ ಸಾರ್?”

“ಅದಾವು. ಆದ್ರ ಇಲ್ಲ.”

ಅದಕ್ಕೊಂದು ಕಾರಣವಿತ್ತು. ನಮ್ಮದು ಕಾಲುವೆ ನೀರಿನ ಭತ್ತದ ಸೀಮೆ, ಹಾವು ಜಾಸ್ತಿ. ಒಮ್ಮೆ ಕೊಯ್ಲಿನ ಹೊತ್ತಿಗೆ ದಾಸ್ತಾನು ಪೂರ್ತಿ ಮುಗಿದು, ಕಡಿಸಿಕೊಂಡು ಬಂದವನೊಬ್ಬನಿಗೆ ಕೊಡಲು ಒಂದೂ ಇರಲಿಲ್ಲ. ಅವನು ಬಳ್ಳಾರಿಯ ದಾರಿಯಲ್ಲೇ ತೀರಿಕೊಂಡ. ಆಗಿನಿಂದ ರುದ್ರಪ್ಪ ಸರ್ ಕೊನೆಯ ಹತ್ತನ್ನು ಎತ್ತಿಡತೊಡಗಿದರು. ದಿನದ ಪಟ್ಟಿಯಲ್ಲಿ ಅವು ಸೇರುತ್ತಿರಲಿಲ್ಲ. ‘ಭಾಳ ಸೀರಿಯಸ್ ಬಂದ್ರ ಇರ್ಲಿ’ ಎಂಬುದು ಅವರ ಲೆಕ್ಕ. ಬರುಬರುತ್ತಾ ಆ ಗಂಟು ಬಿಚ್ಚಿದ್ದು ದೊಡ್ಡವರ ಮನೆಯಿಂದ ಫೋನ್ ಬಂದಾಗ ಮಾತ್ರ. ಸರ್ ನಿವೃತ್ತರಾದರು, ಗಂಟು ನನಗೆ ಬಂತು, ಮಾತೂ ಬಂತು. ನಮ್ಮ ಬಾಯಲ್ಲಿ ಸೊನ್ನೆ ಅಂದರೆ ಹತ್ತು. ಕೇಳಿದವರಿಗೆ ಮಾತ್ರ ಅದು ಸೊನ್ನೆಯೇ.

ಹನ್ನೊಂದೂ ಇಪ್ಪತ್ತರ ದಿನ ಪಟ್ಟಿಯಲ್ಲಿ ಸೊನ್ನೆ ಇತ್ತು.

ಬಂದಿದ್ದವಳು ಸಿರಿಗೇರಿಯ ಹುಲಿಗೆಮ್ಮ, ಇಪ್ಪತ್ತಾರರ ಹೆಣ್ಣುಮಗಳು. ಗದ್ದೆಯಲ್ಲಿ ಸಸಿ ನೆಡುವಾಗ ಕಣಕಾಲಿಗೆ ಕೊಳಕುಮಂಡಲ ಕಚ್ಚಿತ್ತು. ಜೊತೆಗೆ ಗಂಡ ವೀರೇಶ, ಅತ್ತೆ ಅಂಬಮ್ಮ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರ್ ನಾಜಿಯಾ ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿದ್ದರು. ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ಅಲುಗಾಡದಂತೆ ನಿಲ್ಲಿಸಿದ್ದರು. ಇಪ್ಪತ್ತು ನಿಮಿಷಕ್ಕೆ ರಕ್ತ ಹೆಪ್ಪುಗಟ್ಟದಿದ್ದರೆ ವಿಷ ಮೈಗೆ ಏರಿದೆ ಎಂದರ್ಥ. ಆದರೆ ಖಾಜಾ ನನ್ನ ‘ಇಲ್ಲ’ವನ್ನು ತಂದು ಮುಟ್ಟಿಸಿದ. ಅವರು ಬಳ್ಳಾರಿಗೆ ಚೀಟಿ ಬರೆದು ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಹೆರಿಗೆಯ ಕೇಸಿಗೆ ಹೋಗಿತ್ತು.

ಅಂಬಮ್ಮ ಏನು ಮಾಡಿದಳೆಂದು ಖಾಜಾ ಆಮೇಲೆ ಹೇಳಿದ. ಕೂಗಾಡಲಿಲ್ಲ. “ಇಲ್ಲಂದ್ರ ಏನ್ ಮಾಡಾಕ ಬರತೈತಿ. ಧರ್ಮಾಸ್ಪತ್ರಿ” ಎಂದು ಡಾಕ್ಟರಿಗೆ ಕೈ ಮುಗಿದು, ಗೇಟಿನ ಹೊರಗೆ ನಿಂತಿದ್ದ ಗೂಡ್ಸ್ ಆಟೋದಲ್ಲಿ ಸೊಸೆಯನ್ನು ಮಲಗಿಸಿಕೊಂಡು ಹೊರಟಳು. ನನ್ನ ಕಿಟಕಿಯ ಮುಂದೆಯೇ ಹಾದುಹೋದರಂತೆ. ಒಂದು ಸದ್ದೂ ಬರಲಿಲ್ಲ. ಬಂದಿದ್ದರೆ ತಲೆ ಎತ್ತುತ್ತಿದ್ದೆ.

ಹನ್ನೊಂದೂ ನಲವತ್ತರ ಸುಮಾರಿಗೆ ಒಬ್ಬರಿಗೆ ಇನ್ಸುಲಿನ್ ಕೊಡಲು ಫ್ರಿಜ್ ತೆರೆದೆ. ಕೆಂಪು ಬಟ್ಟೆ ಕಂಡಿತು. ದಿನವೂ ಕಾಣುತ್ತಿದ್ದದ್ದೇ. ಅವತ್ತು ಖಾಜಾನ ದನಿ ಕಿವಿಯಲ್ಲಿ ಮತ್ತೆ ಕೇಳಿಸಿತು, ನನ್ನ ದನಿಯೂ ಕೇಳಿಸಿತು. ಗಂಟು ಎತ್ತಿಕೊಂಡು ಡಾಕ್ಟರ್ ಕೋಣೆಗೆ ಓಡಿದೆ.

ನಾಜಿಯಾ ಗಾಜಿನ ನಳಿಕೆ ಹಿಡಿದು ನಿಂತಿದ್ದರು. ನಾನು ನೋಡುತ್ತಿದ್ದಂತೆ ಅದನ್ನು ಓರೆ ಮಾಡಿದರು. ರಕ್ತ ನೀರಿನಂತೆ ಹರಿದು ನಳಿಕೆಯ ಬಾಯಿಗೆ ಬಂತು.

“ಹೆಪ್ಪುಗಟ್ಟಿಲ್ಲ ಮೇಡಂ. ಬಳ್ಳಾರಿ ತನಕ ಹೋಗ್ತಾಳೋ ಇಲ್ಲೋ.”

“ಡಾಕ್ಟರ್, ಔಷಧಿ ಐತಿ.”

“ಏನು?”

“ಐತಿ. ಹತ್ತು ಅದಾವು. ನಾನೇ ಇಲ್ಲ ಅಂದೆ.”

ಅವರು ನನ್ನ ಮುಖ ನೋಡಿದ ರೀತಿಯನ್ನು ಬರೆಯಲಾರೆ. ಆದರೆ ಬೈಯಲು ಹೊತ್ತು ಕಳೆಯಲಿಲ್ಲ. “ಕರ್ಕೊಂಡು ಬರ್ರಿ, ನಾನು ಡ್ರಿಪ್ ರೆಡಿ ಮಾಡ್ತೀನಿ” ಅಂದರು. ವಯಲ್ ಹಿಡಿದುಕೊಂಡೇ ಹೋಗೋಣವೆಂದರೆ ಅದು ರಸ್ತೆಯಲ್ಲಿ ಕೊಡುವ ಔಷಧವಲ್ಲ. ಕೆಲವರ ಮೈಗೆ ಒಗ್ಗದೆ ಉಸಿರೇ ಕಟ್ಟಬಹುದು. ಖಾಜಾನ ಬೈಕಿನ ಹಿಂದೆ ಕೂತೆ. ಐವತ್ತರ ಹತ್ತಿರದ ಹೆಂಗಸು ನಾನು, ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು, ಒಂದು ಕಾಲಲ್ಲಿ ಚಪ್ಪಲಿಯಿಲ್ಲದೆ. ದಾರಿಯುದ್ದಕ್ಕೂ ಪ್ರತಿ ಗೂಡ್ಸ್ ಆಟೋವೂ ಅದೇ ಎಂದು ಕಾಣುತ್ತಿತ್ತು. ಹಿಂದಿಕ್ಕಿ ನೋಡಿದರೆ ಒಂದರಲ್ಲಿ ಗೊಬ್ಬರ, ಇನ್ನೊಂದರಲ್ಲಿ ಈರುಳ್ಳಿ. ಈಗಲೂ ನನ್ನ ಕನಸಿನಲ್ಲಿ ಬರುವುದು ಆ ಈರುಳ್ಳಿಯ ಆಟೋ.

ಕಾಲುವೆ ಸೇತುವೆಯ ಮೇಲೆ ಭತ್ತದ ಸಸಿಯ ಕಟ್ಟು ತುಂಬಿದ ಟ್ರ್ಯಾಕ್ಟರ್ ಅಡ್ಡ ನಿಂತು ವಾಹನಗಳೆಲ್ಲ ಸಾಲುಗಟ್ಟಿದ್ದವು. ಆ ಸಾಲಿನಲ್ಲಿ ಅವರಿದ್ದರು. ಹುಲಿಗೆಮ್ಮನ ತಲೆ ಅತ್ತೆಯ ತೊಡೆಯ ಮೇಲಿತ್ತು. ಒಸಡಿನಿಂದ ರಕ್ತ ಜಿನುಗಿ ತುಟಿ ಕೆಂಪಾಗಿತ್ತು.

“ಯಮ್ಮಾ, ಔಷಧಿ ಐತಿ, ಹೊಳ್ಳಿ ಬರ್ರಿ!”

ಅಂಬಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಆಗ ಇಲ್ಲಂದ್ರಿ. ಈಗ ಐತಿ ಅಂತೀರಿ. ಎಷ್ಟು ಕೇಳ್ತೀರಿ, ಈಗ ಹೇಳಿಬಿಡ್ರಿ. ನಮ್ಮ ಕಡೆ ಏನೂ ಇಲ್ಲ.”

“ಒಂದ್ ಪೈಸಾ ಬ್ಯಾಡ. ಅದು ನಿಮ್ದೇ.”

“ನಮ್ದು ಹೆಂಗಾಕ್ಕೈತಿ? ಧರ್ಮಾಸ್ಪತ್ರಿದು.”

“ಯಮ್ಮಾ, ಜಗಳ ಆಮ್ಯಾಲೆ ಮಾಡು, ಬೇಕಾದಷ್ಟು ಮಾಡು. ಈಗ ಗಾಡಿ ಹೊಳ್ಳಿಸು!” ಅಂದೆ. ನನ್ನ ದನಿ ಒಡೆದಿತ್ತು. ಅಳುವ ಅಧಿಕಾರಿಯನ್ನು ಆಕೆ ಅದಕ್ಕೆ ಮೊದಲು ನೋಡಿರಲಿಲ್ಲವೇನೋ. ಮಗನ ಕಡೆ ತಿರುಗಿ, “ಏನ್ ನೋಡ್ತೀಲೇ ವೀರ್ಯಾ, ಹೊಳ್ಳಿಸಾಕ ಹೇಳು” ಅಂದಳು. ಖಾಜಾ ಬೈಕನ್ನು ಮುಂದೆ ಬಿಟ್ಟುಕೊಂಡು, ಹಾರ್ನ್ ಹೊಡೆಯುತ್ತಾ ದಾರಿ ಮಾಡಿಸಿದ.

ಹನ್ನೆರಡೂ ಇಪ್ಪತ್ತೈದಕ್ಕೆ ಡ್ರಿಪ್ ಶುರುವಾಯಿತು. ನನ್ನ ಒಂದು ಮಾತಿಗೆ ಹೋದದ್ದು ಒಂದು ಗಂಟೆ ಐದು ನಿಮಿಷ.

ಹತ್ತು ಸಾಲದಿದ್ದರೆ? ಕುರುಗೋಡಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ವಿಜಯಾಗೆ ಫೋನ್ ಮಾಡಿದೆ. ಅವಳು ಯಾಕೆ, ಏನು ಎಂದು ಕೇಳಲಿಲ್ಲ. ತನ್ನ ವೈದ್ಯರ ಸಹಿ ಹಾಕಿಸಿ, ಎಂಟು ವಯಲ್‌ಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಈ ಕಡೆ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಳು. ಆ ಕಂಡಕ್ಟರ್ ಬಸ್ಸನ್ನು ನೇರ ಆಸ್ಪತ್ರೆಯ ಗೇಟಿಗೇ ತಂದು ನಿಲ್ಲಿಸಿ, “ಯಾರ್ರೀ ಹಾವಿನೋರು?” ಎಂದು ಕೂಗಿದ. ಕಿಟಕಿಗಳಿಂದ ಪ್ರಯಾಣಿಕರೆಲ್ಲ ಇಣುಕಿದರು. ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲ.

ಕಾಯುವುದೊಂದೇ ಉಳಿದಿತ್ತು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಂಬಮ್ಮನ ಪಕ್ಕ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಔಷಧ ಇತ್ತು, ಎತ್ತಿಟ್ಟಿದ್ದೆವು, ರೂಢಿಯಲ್ಲಿ ಇಲ್ಲ ಅಂದೆ. ಬೈಯುತ್ತಾಳೆಂದುಕೊಂಡೆ. ಆಕೆ, “ಹೋಗ್ಲಿ ಬಿಡ್ರಿ ಅಕ್ಕಾರ, ಧರ್ಮಕ್ಕ ಕೊಡೋದು ನೀವು. ಕೊಟ್ರಿ, ಸಾಕು” ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಯಮ್ಮಾ, ಧರ್ಮ ಅಲ್ಲ ಇದು. ನೀನು ಅಂಗಡ್ಯಾಗ ಸೋಪು ಕೊಳ್ತಿಯಲ್ಲ?”

“ಕೊಳ್ತೀನಿ.”

“ಅದರಾಗ ಸರ್ಕಾರಕ್ಕ ಒಂದು ಪಾಲು ಹೋಗ್ತೈತಿ. ತೆರಿಗಿ ಅಂತಾರ. ಬಿಸ್ಕೀಟಿನ್ಯಾಗ, ಚಪ್ಪಲ್ಯಾಗ, ಮೊಬೈಲ್ ಕರೆನ್ಸಿಯಾಗ, ಎಲ್ಲಾದರಾಗ. ಆ ದುಡ್ಡಿಲೆ ಈ ಔಷಧಿ ತರೋದು, ಈ ಆಸ್ಪತ್ರಿ ನಡ್ಸೋದು.”

ಆಕೆ ಸೋಪು, ಬಿಸ್ಕೀಟು, ಚಪ್ಪಲಿ ಎಂದು ಬೆರಳು ಮಡಚಿ ಎಣಿಸಿದಳು. ಆಮೇಲೆ ಕೇಳಿದಳು:

“ಅಂದ್ರ ನಿಮ್ಮ ಪಗಾರ?”

“ಅದೂ ಅದರಾಗಿಂದ.”

“ಅಂದ್ರ ನನ್ನ ಸೋಪಿನ್ಯಾಗ ನೀ ಉಣ್ಣಾಕತ್ತೀ ಅನ್ನು.”

“ಹೌದು ಯಮ್ಮಾ.”

“ಮೊದಲೇ ಹೇಳಬೇಕಿಲ್ಲೇನು!” ಅಂದಳು. ಆ ಸೋಪಿನ ಮಾತಿನವರೆಗೆ ನನಗೆ ‘ರೀ’ ಹಚ್ಚಿ ಮಾತಾಡುತ್ತಿದ್ದವಳು ಆಮೇಲೆ ಹಚ್ಚಲೇ ಇಲ್ಲ.

ಸಂಜೆ ಆರೂವರೆಯ ಹೊತ್ತಿಗೆ ನಾಜಿಯಾ ಮತ್ತೆ ರಕ್ತ ತೆಗೆದು ಇನ್ನೊಂದು ನಳಿಕೆಯಲ್ಲಿ ನಿಲ್ಲಿಸಿದರು. ಇಪ್ಪತ್ತು ನಿಮಿಷ ನಾವು ನಾಲ್ವರು ಆ ನಳಿಕೆಯನ್ನೇ ನೋಡುತ್ತಾ ನಿಂತೆವು. ಸಮಯವಾಯಿತು. ಅವರು ಓರೆ ಮಾಡಿದರು. ಹರಿಯಲಿಲ್ಲ. ಇನ್ನೂ ಓರೆ ಮಾಡಿದರು. ತಲೆಕೆಳಗೆ ಮಾಡಿದರು. ರಕ್ತ ಗಟ್ಟಿಯಾಗಿ ತಳಕ್ಕೆ ಅಂಟಿ ನಿಂತಿತ್ತು. ಖಾಜಾ “ಯಾ ಅಲ್ಲಾ” ಎಂದು ಗೋಡೆಗೆ ಒರಗಿದ. ನಾಜಿಯಾ ನಕ್ಕರು, ಆ ದಿನದ ಮೊದಲ ನಗು. ಅಂಬಮ್ಮನಿಗೆ ಏನೂ ತಿಳಿಯದೆ, “ಏನಾತು? ಯಾಕ ನಗ್ತೀರಿ? ಬಾಯಿ ಬಿಟ್ಟು ಹೇಳ್ರೆಲೇ!” ಎಂದು ರೇಗಿದಳು. ಕುರುಗೋಡಿನ ಎಂಟು ವಯಲ್ ಬೇಕಾಗಲಿಲ್ಲ. ಐದನೆಯ ದಿನ ಹುಲಿಗೆಮ್ಮ ಕುಂಟುತ್ತಾ ನಡೆದುಕೊಂಡೇ ಮನೆಗೆ ಹೋದಳು.

ನಡೆದದ್ದನ್ನು ಬರೆದು ಆಡಳಿತ ವೈದ್ಯಾಧಿಕಾರಿಗೆ ಕೊಟ್ಟೆ. ಅವರು ಕೆಟ್ಟವರಲ್ಲ, ಅಂಜುಬುರುಕರು. “ಬದುಕಿದಳಲ್ಲ, ಮತ್ತ್ಯಾಕ ಕೆದಕ್ತೀರಿ?” ಎಂದು ಹಾಳೆಯನ್ನು ವಾಪಸ್ ನೀಡಿದರು. ನಾನು ತೆಗೆದುಕೊಳ್ಳಲಿಲ್ಲ. ಕೆಂಪು ಬಟ್ಟೆಯನ್ನು ಒಗೆದು ಕಿಟಕಿಯ ಗಾಜು ಒರೆಸಲು ಇಟ್ಟುಕೊಂಡೆ. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಕರಿಹಲಗೆ ತಂದು ಕಿಟಕಿಯ ಪಕ್ಕ ನೇತುಹಾಕಿದೆ. ಹಾವು, ನಾಯಿ, ಸಕ್ಕರೆ ಕಾಯಿಲೆ, ಬಿಪಿ, ಹೀಗೆ ಮುಖ್ಯವಾದವುಗಳ ಹೆಸರು. ಮುಂದೆ, ಬೆಳಿಗ್ಗೆ ಎಷ್ಟಿವೆಯೋ ಅಷ್ಟು. ಒಂದಿದ್ದರೆ ಒಂದು. ಕೆಳಗೆ, ‘ನಿಮ್ಮ ತೆರಿಗೆಯಿಂದ ತಂದದ್ದು. ಕೇಳಿ ಪಡೆಯಿರಿ.’

ಸಾಹೇಬರು ಅದನ್ನು ನೋಡಿ ಹೌಹಾರಿದರು. “ರೀ, ಇದನ್ನ ಓದಿ ಜನ ಜಗಳಕ್ಕ ಬರ್ತಾರ.”

“ಬರ್ಲಿ ಸಾರ್. ಅವತ್ತು ಆ ಮುದುಕಿ ಜಗಳ ಮಾಡಿದ್ದರ ನಾನು ತಲಿ ಎತ್ತಿ ನೋಡ್ತಿದ್ದೆ.”

ಅವರು ಹಲಗೆ ತೆಗೆಸಲಿಲ್ಲ. ಮುಚ್ಚಿಡುವ ಬದಲು ಬೇರೆ ದಾರಿ ಹುಡುಕಿದೆವು. ಯಾವುದೇ ಜೀವರಕ್ಷಕ ಔಷಧ ಇಪ್ಪತ್ತಕ್ಕೆ ಇಳಿದ ಕೂಡಲೇ ಬಳ್ಳಾರಿಗೂ ಕುರುಗೋಡಿಗೂ ಫೋನ್. ಯಾರಲ್ಲಿ ಹೆಚ್ಚಿದೆಯೋ ಅವರು ಬಸ್ಸಿಗೆ ಹಾಕುವುದು. ಈಗ ಎಲ್ಲ ಕಂಪ್ಯೂಟರಿಗೆ ಬಂದಿದೆ, ಒಂದು ಗುಂಡಿ ಒತ್ತಿದರೆ ಜಿಲ್ಲೆಯ ದಾಸ್ತಾನು ಕಾಣುತ್ತದೆ. ಆದರೆ ಸುಮಾ, ಕಂಪ್ಯೂಟರಿನಲ್ಲೂ ಹತ್ತನ್ನು ಸೊನ್ನೆ ಎಂದು ಹೊಡೆಯಲು ಬರುತ್ತದೆ. ಎದ್ದು ಹೋಗಿ ಫ್ರಿಜ್ ತೆರೆದು ನೋಡು.

ಇಷ್ಟಾದರೂ ನನಗೆ ನಿದ್ದೆ ಇರಲಿಲ್ಲ. ಗೆದ್ದೆವು ಎಂದು ಎಲ್ಲರೂ ಹೇಳಿದರು, ನಾಜಿಯಾ ಸಿಹಿ ಹಂಚಿದರು. ಆದರೆ ಮಲಗಿದರೆ ಸಾಕು, ನನ್ನ ದನಿಯಲ್ಲೇ ‘ಇಲ್ಲ’ ಕೇಳಿಸುತ್ತಿತ್ತು. ಅದಕ್ಕಿಂತ ಅಂಬಮ್ಮ ಕೈ ಮುಗಿದು ಸದ್ದಿಲ್ಲದೆ ಕಿಟಕಿ ದಾಟಿ ಹೋಗುವುದು ಹೆಚ್ಚು ಕಾಡುತ್ತಿತ್ತು. ಎಚ್ಚರವಾದಾಗಲೆಲ್ಲ ಹಾಸಿಗೆಯ ಪಕ್ಕದ ಲೋಟವನ್ನು ಓರೆ ಮಾಡಿ ನೋಡುವ ಹುಚ್ಚು ಹಿಡಿದಿತ್ತು. ನೀರು, ಹರಿಯದೆ ಇರುತ್ತದೆಯೇ? ನೆಲವೆಲ್ಲ ಒದ್ದೆ. ಹೀಗೆ ತಿಂಗಳುಗಟ್ಟಲೆ.

ಏಳು ತಿಂಗಳಾಗಿರಬೇಕು. ಒಂದು ಸೋಮವಾರ, ಕಿಟಕಿಯ ಮುಂದೆ ಜಾತ್ರೆಯಷ್ಟು ಜನ. ಯಾರೋ ಹೆಂಗಸು ನಾಯಿ ಕಡಿತದ ಲಸಿಕೆಯ ಚೀಟಿ ಚಾಚಿದಳು. ಶನಿವಾರ ಮುಗಿದದ್ದು ನನಗೆ ಗೊತ್ತಿತ್ತು. “ಇವತ್ತು ಇಲ್ಲಮ್ಮ, ನಾಳೆ ಬರುತ್ತೆ” ಅಂದೆ.

“ಯಾಕಿಲ್ಲ?”

ಈ ದನಿ ಚೀಟಿಯವಳದಲ್ಲ. ಅವಳ ಹಿಂದೆ, ಸೊಂಟಕ್ಕೆ ಕೈಯಿಟ್ಟು ಅಂಬಮ್ಮ ನಿಂತಿದ್ದಳು. ಚೀಟಿಯವಳು ಅವಳ ನೆರೆಮನೆಯವಳು.

“ಮುಗದಾವ ಯಮ್ಮಾ, ನಾನೇ ನೋಡೀನಿ.”

“ನಿನ್ನ ಬಾಯಿ ಇನ್ನೂ ರಿಪೇರಿ ಆಗಿಲ್ಲೇನಬೇ?” ಎಂದವಳೇ ಸಾಲಿನಲ್ಲಿದ್ದ ಒಬ್ಬರ ರಟ್ಟೆ ಹಿಡಿದು ಹಲಗೆಯ ಮುಂದೆ ನಿಲ್ಲಿಸಿದಳು. “ಯಣ್ಣಾ, ಸಾಲಿ ಕಲ್ತಿಯಲ್ಲ, ಓದು ಅದನ್ನ. ಎಲ್ಲಾರಿಗೂ ಕೇಳಂಗ ಓದು.”

ಆತ ಗಂಟಲು ಸರಿಮಾಡಿಕೊಂಡು ಓದಿದ: “ನಾಯಿ ಕಡಿತದ ಲಸಿಕೆ, ಇಪ್ಪತ್ತು.”

ನಾನು ತಲೆ ಎತ್ತಿದೆ. ಹಲಗೆಯ ಮೇಲೆ ಖಾಜಾನ ಸೊಟ್ಟ ಅಕ್ಷರ. ಬೆಳಗಿನ ಬಸ್ಸಿಗೆ ಬಂದ ಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿಟ್ಟು, ಅಂಕಿ ತಿದ್ದಿದವನು ನನಗೆ ಹೇಳುವುದನ್ನು ಮರೆತಿದ್ದ.

“ನನ್ನ ಸೋಪಿನ್ಯಾಗ ತಂದಿದ್ದು ಅದು,” ಅಂಬಮ್ಮ ಕಿಟಕಿಯ ಕಟ್ಟೆಗೆ ಅಂಗೈ ಬಡಿದಳು. “ತೆಗಿ ಹೊರಗ!”

ಸಾಲಿಗೆ ಸಾಲೇ ಮಾತಾಡತೊಡಗಿತು. ಒಬ್ಬಾಕೆ, “ನನಗೂ ಹೋದ ಸಲ ಬಿಪಿ ಗುಳಿಗಿ ಹದಿನೈದೇ ದಿನದ್ದು ಕೊಟ್ಟೀರಿ, ಉಳಿದಿದ್ದು ಎಲ್ಲಿ?” ಅಂದಳು. ಇನ್ನೊಬ್ಬ ಸಕ್ಕರೆ ಗುಳಿಗೆಯ ಅಂಕಿಯನ್ನು ತಾನೂ ಓದಿ ಹೇಳಿದ. ಒಂದು ಕೈಯೂ ಮುಗಿದಿರಲಿಲ್ಲ. ಎಲ್ಲ ಕೈಗಳೂ ಹಲಗೆಯ ಕಡೆ ಚಾಚಿದ್ದವು. ಸಾಹೇಬರು ತಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತು, ‘ನಾ ಹೇಳಿರ್ಲಿಲ್ಲೇನು’ ಎಂಬಂತೆ ನನ್ನನ್ನು ನೋಡಿದರು.

ನಾನು ಎದ್ದು ಆರು ಹೆಜ್ಜೆ ನಡೆದು, ಫ್ರಿಜ್ ತೆರೆದು, ಲಸಿಕೆ ತಂದು ಕೊಟ್ಟೆ. “ತಪ್ಪಾಯ್ತು ಯಮ್ಮಾ” ಅಂದೆ.

“ತಪ್ಪಾದ್ರ ಆಗ್ಲಿ,” ಅಂದಳು ಅಂಬಮ್ಮ, “ನಾವಿಲ್ಲೇನು ನೋಡಾಕ?”

ಆ ದಿನದಷ್ಟು ಬೈಗುಳ ನನ್ನ ಸೇವೆಯಲ್ಲಿ ಮತ್ತೆಂದೂ ತಿಂದಿಲ್ಲ. ಮನೆಗೆ ಬಂದು ಉಂಡು ಮಲಗಿದೆ. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ ಎಚ್ಚರವಾದದ್ದು. ಹಾಸಿಗೆಯ ಪಕ್ಕದಲ್ಲಿ ಲೋಟದ ನೀರು ತುಂಬಿದ ಹಾಗೇ ಇತ್ತು, ನೆಲ ಒಣಗಿತ್ತು.